ಮಲ್ಲೇಶ್ವರವೋ ಬಸವನಗುಡಿಯೋ? ಎರಡನ್ನೂ ನಡೆದು ನೋಡಿದ ಮೇಲೆ

"ಹಳೇ ಬೆಂಗಳೂರು ತೋರಿಸಿ" ಅಂತ ನೆಂಟರು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಇವೆರಡೇ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ಎರಡೂ ಕಡೆ ನೆಲೆಸಿದರು. ಹೆಚ್ಚುಕಮ್ಮಿ ಒಂದೇ ವಯಸ್ಸಿನ ಬಡಾವಣೆಗಳು. ಆದರೆ ನಡೆಯುವವರಿಗೆ ಎರಡೂ ಬೇರೆಬೇರೆ ಥರ.

ಮಲ್ಲೇಶ್ವರದಲ್ಲಿ ದಾರಿ ತಪ್ಪಿಸಿಕೊಳ್ಳುವುದೇ ಕಷ್ಟ. ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ ಅಕ್ಕಪಕ್ಕ ಸಾಗುತ್ತವೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಕ್ರಾಸ್‌ಗಳು. ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದು ಉತ್ತರಕ್ಕೆ ಹೊರಟರೆ ಕ್ರಾಸ್ ನಂಬರ್ ಏರುತ್ತಾ ಹೋಗುತ್ತದೆ. ದೊಡ್ಡ ರಸ್ತೆಗಳಲ್ಲಿ ಹಾರ್ನ್ ಜಾಸ್ತಿ, ಫುಟ್‌ಪಾತ್ ಮೇಲೆ ಸ್ಕೂಟರ್. ಹಾಗಾಗಿ ಎಂಟನೇ ಕ್ರಾಸಿನ ಹೂವು, ತರಕಾರಿ, ಜನಜಂಗುಳಿ ನೋಡಿಕೊಂಡು ಬೇಗ ಒಳಗಿನ ಬೀದಿಗೆ ನುಗ್ಗಿಬಿಡಿ. ಕಾಂಪೌಂಡಿನ ಮೇಲೆ ಬಾಗಿದ ಮರ, ಕೆಂಪು ಹೆಂಚಿನ ಒಂದೊಂದು ಹಳೇ ಮನೆ, ಅದರ ಪಕ್ಕದಲ್ಲೇ ನಾಲ್ಕು ಮಹಡಿ ಅಪಾರ್ಟ್‌ಮೆಂಟ್. ಹಳೇ ಮನೆಗಳನ್ನು ನೋಡುವ ಆಸೆ ಇದ್ದರೆ ತಡ ಮಾಡಬೇಡಿ. ಕಾಡು ಮಲ್ಲೇಶ್ವರ ದೇವಸ್ಥಾನ ಬಡಾವಣೆಗಿಂತ ಎಷ್ಟೋ ಹಳೆಯದು, ಊರಿಗೆ ಹೆಸರು ಬಂದದ್ದೇ ಅದರಿಂದ. ಅದರ ಎದುರಿಗೇ ನಂದಿತೀರ್ಥ. ನಂದಿಯ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ.

ಬಸವನಗುಡಿಯಲ್ಲಿ ಲೆಕ್ಕ ಉಲ್ಟಾ. ಇಲ್ಲಿ ನಂಬರ್ ಹಿಡಿದು ಹೋಗುವುದಕ್ಕಾಗಲ್ಲ, ಸರ್ಕಲ್ ಮತ್ತು ಗುಡಿಗಳ ಹೆಸರು ಕೇಳಿಕೊಂಡೇ ಹೋಗಬೇಕು. ನ್ಯಾಷನಲ್ ಕಾಲೇಜ್ ಮೆಟ್ರೋದಿಂದ ಗಾಂಧಿ ಬಜಾರ್ ಹತ್ತಿರವೇ. ಈಚೆಗೆ ಅಲ್ಲಿ ಫುಟ್‌ಪಾತ್ ಅಗಲ ಮಾಡಿದ್ದಾರೆ, ನಡೆಯುವವರಿಗೆ ನಿಜಕ್ಕೂ ಸುಖ. ಮುಂದೆ ಬ್ಯೂಗಲ್ ರಾಕ್. ಊರಿನ ನಡುವೆ ಬಂಡೆ, ಅದರ ಸುತ್ತ ದೊಡ್ಡ ಮರಗಳು, ಮರದ ತುಂಬ ತಲೆಕೆಳಗಾಗಿ ನೇತಾಡುವ ಬಾವಲಿಗಳು. ಪಕ್ಕದಲ್ಲೇ ಒಂದೇ ಕಲ್ಲಿನ ದೊಡ್ಡ ಬಸವ. ಸುಮ್ನೆ ಕೂತು ಬರಲು ಮಲ್ಲೇಶ್ವರದ ಬೀದಿಗಳಲ್ಲಿ ಇಂಥ ಜಾಗ ಇಲ್ಲ. ಸ್ಯಾಂಕಿ ಕೆರೆ ಇದೆ, ಆದರೆ ಅದು ಉತ್ತರದ ತುದಿಗೆ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ.

ತಿಂಡಿ ವಿಷಯಕ್ಕೆ ಬಂದರೆ ಜಗಳ ಗ್ಯಾರಂಟಿ. ಮಲ್ಲೇಶ್ವರದ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ್ದು ದಪ್ಪ, ತುಪ್ಪದ ಘಮ. ತೋಳಿನ ತುಂಬ ತಟ್ಟೆ ಪೇರಿಸಿಕೊಂಡು ಸಪ್ಲೈಯರ್ ಬರುವುದನ್ನು ನೋಡುವುದೇ ಒಂದು ಮಜಾ. ದೋಸೆಯಲ್ಲಿ ನನ್ನ ಓಟು ಸಿಟಿಆರ್‌ಗೆ. ಇಡ್ಲಿಗೆ ಮಾತ್ರ ಬಸವನಗುಡಿ ಪಕ್ಕದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಸಾಂಬಾರ್ ಕೇಳಬೇಡಿ, ಕೊಡಲ್ಲ. ಚಟ್ನಿ ಮಾತ್ರ ಬೇಕಾದಷ್ಟು. ತಟ್ಟೆ ಕೈಯಲ್ಲಿ ಹಿಡಿದು ನಿಂತೇ ತಿಂದು, ಬೈ ಟು ಕಾಫಿ ಹೇಳಿದರೆ ನೀವೂ ಆ ಏರಿಯಾದವರೇ. ಮಲ್ಲೇಶ್ವರದ ವೀಣಾ ಸ್ಟೋರ್ಸ್ ಇಡ್ಲಿಯೂ ಕಮ್ಮಿ ಏನಲ್ಲ, ಆದರೆ ಅದು ನನಗೆ ಎರಡನೇ ಸ್ಥಾನದಲ್ಲೇ.

ಹೊರಗಿನವರನ್ನು ಕರೆದುಕೊಂಡು ಹೋಗುವುದಾದರೆ ಬಸವನಗುಡಿಯೇ ಸರಿ. ನೋಡುವುದು, ಕೂರುವುದು, ತಿನ್ನುವುದು ಎಲ್ಲಾ ಹತ್ತಿರ ಹತ್ತಿರ. ಆದರೆ ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ (ದೊಡ್ಡ ಬಸವನ ಗುಡಿ ಬಳಿಯ ಜಾತ್ರೆ) ಹೊತ್ತಿಗೆ ಹೋದರೆ ನಡಿಗೆ ಮರೆತುಬಿಡಿ, ಜನರೇ ತಳ್ಳಿಕೊಂಡು ಹೋಗುತ್ತಾರೆ. ಒಬ್ಬರೇ ಸುತ್ತುವುದಾದರೆ ಮಲ್ಲೇಶ್ವರ, ಅದೂ ವಾರದ ದಿನ, ಬೆಳಗ್ಗೆ ಏಳರೊಳಗೆ. ಭಾನುವಾರ ಸಿಟಿಆರ್ ಮುಂದೆ ನಿಂತು ಕಾಯುವಷ್ಟರಲ್ಲಿ ನಾಲ್ಕು ಕ್ರಾಸ್ ಸುತ್ತಿ ಬರಬಹುದು.