ಹಳೇ ಮಿಯಾಟಾದ ತೂಕ ಇಳಿಸಿದ್ದು: ಯಾವುದು ಲಾಭ, ಯಾವುದು ಸುಮ್ನೆ ಖರ್ಚು

ಕಾರು: 1991ರ ಮಜ್ದಾ ಮಿಯಾಟಾ (ಟಾಪ್ ಇಳಿಸಬಹುದಾದ ಎರಡು ಸೀಟಿನ ಕಾರು), 1.6 ಲೀಟರ್, ಮ್ಯಾನುಯಲ್ ಗೇರ್
ಊರು: ಡಲ್ಲಾಸ್, ಟೆಕ್ಸಾಸ್
ಕೆಲಸ ಮಾಡಿದ್ದು: ಮನೆಯ ಗರಾಜಿನಲ್ಲೇ, ಬಿಡುವಾದಾಗ
ನನ್ನ ಅಂಕ: 5ಕ್ಕೆ 4

ತೂಕ ಇಳಿಸೋಕೆ ಹೊರಟವರು ಮೊದಲು ಹುಡುಕುವುದು ಕಾರ್ಬನ್ ಫೈಬರ್ ಬಾನೆಟ್. ಈ ಕಾರಿಗೆ ಅದು ಬೇಡ. ಕಾರ್ಖಾನೆಯಿಂದ ಬಂದ ಬಾನೆಟ್ಟೇ ಅಲ್ಯೂಮಿನಿಯಂ. ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ನಡುವಿನ ಉದ್ದನೆಯ ಫ್ರೇಮ್ ಕೂಡ ಅಲ್ಯೂಮಿನಿಯಂ. 1989ರಲ್ಲಿ ಶಿಕಾಗೊ ಆಟೋ ಶೋದಲ್ಲಿ ಬಂದಾಗಲೇ ಇದು ಸಾವಿರ ಕೆಜಿ ದಾಟದ ಕಾರು. ಮಜ್ದಾದವರು ಇಳಿಸಬಹುದಾದದ್ದನ್ನು ಆಗಲೇ ಇಳಿಸಿಬಿಟ್ಟಿದ್ದಾರೆ. ನಮಗೆ ಉಳಿಯೋದು ಹೆಚ್ಚಾಗಿ ಹಿಂದಿನ ಮಾಲೀಕರು ಹೇರಿದ್ದು.

ನನ್ನ ಕಾರಿನಲ್ಲಿ ಅದು ಜೋರಾಗಿಯೇ ಇತ್ತು. ಡಿಕ್ಕಿಯಲ್ಲಿ ಸಬ್‌ವೂಫರ್, ಆಂಪ್ಲಿಫೈಯರ್, ಎಲ್ಲಿಗೂ ಸೇರದ ಒಂದು ಅಲಾರಂ ಡಬ್ಬಿ. ಕಾಲಿಗೆ 17 ಇಂಚಿನ ಹೊಳೆಯುವ ಚಕ್ರಗಳು. ಬೆಂಗಳೂರಿಗೆ ಹೋಗುವಾಗ ಸೂಟ್‌ಕೇಸ್ ತೂಗೋಕೆ ಇಟ್ಟುಕೊಂಡಿರುವ ಕೈತಕ್ಕಡಿಗೆ ಒಂದೊಂದನ್ನೇ ನೇತು ಹಾಕಿದೆ. ಟೈರ್ ಸಮೇತ ಒಂದು ಚಕ್ರ 19 ಕೆಜಿ ಹತ್ತಿರ ಬಂತು. ಸೆಕೆಂಡ್‌ಹ್ಯಾಂಡಲ್ಲಿ ಸಿಕ್ಕ ಮೂಲ 14 ಇಂಚಿನ ಏಳು ಕಡ್ಡಿಯ ಅಲಾಯ್ ಚಕ್ರ ಟೈರ್ ಸಮೇತ 13 ಕೆಜಿ. ನಾಲ್ಕಕ್ಕೆ ಇಪ್ಪತ್ತು ಕೆಜಿಗೂ ಜಾಸ್ತಿ ಉಳಿತಾಯ. ಅದೂ ತಿರುಗುವ ತೂಕ, ಸ್ಪ್ರಿಂಗಿನ ಕೆಳಗಿನ ತೂಕ. ಗುಂಡಿ ಬಂದರೆ ಮೊದಲು ಕಾರು ಎಗರುತ್ತಿತ್ತು, ಈಗ ಚಕ್ರ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಸ್ಟೀರಿಂಗ್ ಮಾತು ಕೇಳುತ್ತದೆ. ಒಂದೇ ಒಂದು ಕೆಲಸಕ್ಕೆ ದುಡ್ಡಿದ್ದರೆ ಇದನ್ನೇ ಮಾಡಿ. ತೊಂದರೆ ಏನಂದ್ರೆ 185/60 ಆರ್ 14 ಅಳತೆಯಲ್ಲಿ ಒಳ್ಳೆ ಟೈರುಗಳ ಆಯ್ಕೆ ಈಗ ಕಡಿಮೆ.

ಸ್ಟೆಪ್ನಿ ಮತ್ತು ಜಾಕ್ ತೆಗೆದರೆ ಇನ್ನೊಂದು 13 ಕೆಜಿ. ಅದರ ಜಾಗಕ್ಕೆ ಪಂಕ್ಚರ್ ಕಿಟ್, ಸಣ್ಣ ಏರ್ ಪಂಪ್. ಊರೊಳಗೆ ಓಡಾಡೋಕೆ ಸಾಕು. ಆಸ್ಟಿನ್ ಕಡೆ ಹೊರಟರೆ ನಾನು ಸ್ಟೆಪ್ನಿಯನ್ನು ವಾಪಸ್ ಹಾಕಿಕೊಳ್ಳುತ್ತೇನೆ. ಟೈರಿನ ಪಕ್ಕೆ ಹರಿದರೆ ಯಾವ ಕಿಟ್ಟೂ ಕೆಲಸಕ್ಕೆ ಬರಲ್ಲ.

ಲಿಥಿಯಂ ಬ್ಯಾಟರಿ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಹಳೇ ಲೆಡ್ ಬ್ಯಾಟರಿ 11 ಕೆಜಿ, ಇದು 3 ಕೆಜಿ ಒಳಗೆ. ಒಂದು ಕೈಯಲ್ಲಿ ಎತ್ತಿ ಇಡಬಹುದು. ಆದರೆ ಮಿಯಾಟಾದಲ್ಲಿ ಬ್ಯಾಟರಿ ಇರೋದು ಡಿಕ್ಕಿಯ ಬಲಮೂಲೆಯಲ್ಲಿ. ಇಲ್ಲಿ ಡ್ರೈವರ್ ಕೂರೋದು ಎಡಗಡೆ. ಅಂದರೆ ಒಬ್ಬರೇ ಓಡಿಸುವಾಗ ಆ ಭಾರ ನಮ್ಮ ಭಾರವನ್ನು ಸ್ವಲ್ಪ ಸರಿದೂಗಿಸುತ್ತಿತ್ತು. ತೂಕ ಇಳಿಯಿತು, ಎಡಬಲದ ಸಮ ಸ್ವಲ್ಪ ಕೆಟ್ಟಿತು. ರಸ್ತೆಯಲ್ಲಿ ಗೊತ್ತಾಗಲ್ಲ, ಅದು ಬೇರೆ ಮಾತು.

ಚಳಿಗೆ ಮಾತ್ರ ಲಿಥಿಯಂ ಬ್ಯಾಟರಿ ಮುನಿಸಿಕೊಳ್ಳುತ್ತದೆ. ಜನವರಿ ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಅರ್ಧ ಸುತ್ತಿ ನಿಲ್ಲುತ್ತದೆ. ಅದಕ್ಕೊಂದು ಉಪಾಯ ಇದೆ. ಹೆಡ್‌ಲೈಟ್ ಹಾಕಿ. ಆ ಎರಡು ದೀಪ ಕಪ್ಪೆಕಣ್ಣಿನ ಹಾಗೆ ಮೇಲೆದ್ದು ಕೂರುತ್ತವೆ. ಒಂದೆರಡು ನಿಮಿಷ ಉರಿಯಲು ಬಿಡಿ. ಕರೆಂಟ್ ಹರಿದು ಬ್ಯಾಟರಿ ಒಳಗೆ ಬೆಚ್ಚಗಾಗುತ್ತದೆ. ಆಮೇಲೆ ಕೀ ತಿರುಗಿಸಿದರೆ ಥಟ್ಟನೆ ಸ್ಟಾರ್ಟ್. ಲೆಡ್ ಬ್ಯಾಟರಿಯ ಹಳೇ ಚಾರ್ಜರನ್ನು ಇದಕ್ಕೆ ಹಾಕಬೇಡಿ, ಲಿಥಿಯಂಗೆ ಅಂತಲೇ ಬರುವ ಚಾರ್ಜರ್ ತಗೊಳ್ಳಿ.

ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಹಾಕಿ ನೆಲದ ಟಾರ್ ಕೀಳೋದು ನೋಡೋಕೆ ಮಜಾ. ಸದ್ದು ತಡೆಯಲು ಅಂಟಿಸಿದ ಕಪ್ಪು ಪದರ ಅದು. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಮಂಜುಗಡ್ಡೆಯನ್ನು ಅದರ ಮೇಲೆ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ ಟಿಕ್ ಟಿಕ್ ಅಂತ ತಾನೇ ಬಿರುಕು ಬಿಡುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಚೂರು ಚೂರಾಗಿ ಏಳುತ್ತದೆ. ದಪ್ಪ ಗ್ಲೌಸ್ ಬೇಕು, ಗರಾಜ್ ಬಾಗಿಲು ಪೂರ್ತಿ ತೆಗೆದಿರಬೇಕು. ಅದರಿಂದ ಬರೋದು ಕಾರ್ಬನ್ ಡೈಆಕ್ಸೈಡ್, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತದೆ. ಇಷ್ಟೆಲ್ಲ ಮಾಡಿ ಕಿತ್ತ ಚೂರುಗಳನ್ನು ಬಕೆಟ್ಟಿಗೆ ಹಾಕಿ ತೂಗಿದರೆ ಬರೀ 4 ಕೆಜಿ! ಬದಲಿಗೆ ಸಿಕ್ಕಿದ್ದು ಗೇರ್‌ಬಾಕ್ಸಿನ ಬಿಸಿ ಮತ್ತು ಮಾತು ಕೇಳಿಸದಷ್ಟು ಗದ್ದಲ. ರೇಸ್ ಟ್ರ್ಯಾಕಿಗೆ ಮಾತ್ರ ಇಟ್ಟ ಕಾರಾದರೆ ಸರಿ. ರಸ್ತೆಗೆ ಬೇಡ. ನಾನು ಗೇರ್ ಹತ್ತಿರ ಶಾಖ ತಡೆಯುವ ಮ್ಯಾಟ್ ಅಂಟಿಸಿ ಅರ್ಧ ತೂಕ ವಾಪಸ್ ಹಾಕಿದ್ದೇನೆ.

ಡ್ರೈವರ್ ಸೀಟಿಗೆ ಬದಲು ಫೈಬರಿನ ಬಕೆಟ್ ಸೀಟ್ (ಮೈಯನ್ನು ಬಿಗಿಯಾಗಿ ಹಿಡಿಯುವ ರೇಸ್ ಸೀಟು) ಹಾಕಿದೆ, 7 ಕೆಜಿ ಹೋಯಿತು. ಮೂಲ ಸೀಟಿನ ತಲೆದಿಂಬಲ್ಲಿ ಸ್ಪೀಕರ್ ಇರುತ್ತದೆ, ಟಾಪ್ ಇಳಿಸಿದಾಗಲೂ ಹಾಡು ಕೇಳಿಸಲಿ ಅಂತ. ಅದು ಹೋಗಿದ್ದಕ್ಕೆ ಬೇಜಾರಿದೆ. ಪಕ್ಕದ ಸೀಟನ್ನು ಮುಟ್ಟಿಲ್ಲ. ಮನೆಯವರು ಹತ್ತೋದೇ ಇಲ್ಲ ಅಂದರೆ ಈ ಕಾರು ಯಾಕೆ, ಅಲ್ವಾ?

ಎಸಿ ತೆಗೆದರೆ 20 ಕೆಜಿ ಇಳಿಯುತ್ತದೆ. ಟೆಕ್ಸಾಸ್ ಆಗಸ್ಟ್ ಕಂಡವರು ಆ ಯೋಚನೆ ಮಾಡಲ್ಲ. ತೆಗೆಯುವುದೇ ಆದರೆ ಪೈಪ್ ಬಿಚ್ಚಿ ಗ್ಯಾಸ್ ಗಾಳಿಗೆ ಬಿಡಬೇಡಿ. ಅಮೆರಿಕದಲ್ಲಿ ಅದು ಕಾನೂನುಬಾಹಿರ. 1991ರ ಕಾರುಗಳಲ್ಲಿ ಮೂಲತಃ ಇದ್ದದ್ದು ಓಝೋನ್ ಹಾಳು ಮಾಡುವ ಆರ್-12 ಗ್ಯಾಸ್. ಪರವಾನಗಿ ಇರುವ ಅಂಗಡಿಯಲ್ಲಿ ಅದನ್ನು ಕಾರಿನಿಂದ ಹೊರತೆಗೆದು ಅವರ ಸಿಲಿಂಡರಿಗೆ ತುಂಬಿಕೊಳ್ಳಲು ಹೇಳಿ. ಏರ್‌ಬ್ಯಾಗ್, ಬಾಗಿಲೊಳಗಿನ ಕಬ್ಬಿಣದ ಅಡ್ಡಪಟ್ಟಿ, ಬಂಪರ್ ಒಳಗಿನ ಕಂಬಿ, ಇವುಗಳ ತಂಟೆಗೆ ಹೋಗಬೇಡಿ. ಇದು ಮೊದಲೇ ಪುಟ್ಟ ಕಾರು. ಹೈವೇಲಿ ನಮ್ಮ ಕಿವಿ ಇರೋದು ಪಿಕಪ್ ಟ್ರಕ್ಕಿನ ಚಕ್ರದ ಮಟ್ಟಕ್ಕೆ.

ಹಿಂದಿನವರ ಆಡಿಯೋ ಸಾಮಾನು ಸೇರಿ ಒಟ್ಟು 70 ಕೆಜಿ ಹತ್ತಿರ ಇಳಿದಿದೆ. 116 ಕುದುರೆಶಕ್ತಿಯ ಎಂಜಿನ್ನಿಗೆ ಇನ್ನೆಂಟು ಕುದುರೆ ಸೇರಿಸಿದ ಲೆಕ್ಕ. ನೇರ ರಸ್ತೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ದಿಕ್ಕು ಬದಲಿಸುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಹಿಂಭಾರ ಇಳಿದಿದ್ದರಿಂದ ಕಾರಿನ ಹಿಂದುಗಡೆ ಸ್ವಲ್ಪ ಮೇಲೆದ್ದಿದೆ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬದಲಾಗಿದೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮಾಡಿಸುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಲು ಹೇಳಿ, ಇಲ್ಲಾಂದ್ರೆ ನೀವೇ ಕೂತ್ಕೊಳ್ಳಿ.