ಸೂಪರ್ ಮಾರ್ಕೆಟ್ನಾಗ ತಗೊಂಡ ಜೈರೋಸ್ಕೋಪ್: ಡಬ್ಬಿ ಮ್ಯಾಲಿಂದು ಸುಳ್ಳು, ಸಾಮಾನು ಖರೆ

ಅಕ್ಕನ ಮಗಂದು ಹುಟ್ಟಿದ್ದಬ್ಬ ಇತ್ತು, ಮತ್ತದೇ ರಿಮೋಟ್ ಕಾರ್ ಬ್ಯಾಡಂತ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ಈ ಜೈರೋಸ್ಕೋಪ್ ಅನ್ನೋ ತಿರುಗೋ ಆಟಿಗಿ ತಗೊಂಡೆ, 380 ಹೇಳ್ದ, ಚೌಕಾಸಿ ಮಾಡಿದ್ಮ್ಯಾಲ 320ಕ್ಕ ಕೊಟ್ಟ. ಉಂಗುರದ ಪಂಜರ, ನಡುವ ದಪ್ಪ ಅಂಚಿನ ಹಿತ್ತಾಳಿ ಚಕ್ರ, ಅಚ್ಚಿನಾಗ ಒಂದು ತೂತು. ದಾರ ಪೋಣಿಸಿ ಸುತ್ತಿ ಜೋರ್ ಎಳೀಬೇಕು, ಬಗರಿ ಆಡ್ದವರಿಗಿ ಲಗೂನ ಬರ್ತದ.

ಮೊದಲ್ನೇ ದಿನ ಹತ್ತು ಸೆಕೆಂಡ್ ತಿರುಗಿ ಮಲ್ಕೊಂಡ್ಬಿಡ್ತು. ರೊಕ್ಕ ಹೋಯ್ತು ಅನ್ಕೊಂಡೆ. ಆಮ್ಯಾಲ ಅಚ್ಚಿನ ಎರಡೂ ತುದಿಗಿ ಹೊಲಿಗಿ ಮಷೀನ್ ಎಣ್ಣಿ ಒಂದೊಂದು ಹನಿ ಬಿಟ್ಟೆ ನೋಡ್ರಿ, ಒಂದು ನಿಮಿಷದ ಮ್ಯಾಲ ತಿರುಗ್ಲಾಕತ್ತು.

ಖರೆ ಮಜಾ ಅಂದ್ರ ಅಚ್ಚು ಅಡ್ಡ ಮಾಡಿ ಒಂದೇ ತುದಿ ಸ್ಟ್ಯಾಂಡ್ ಮ್ಯಾಲ ಇಟ್ಟಾಗ. ಇನ್ನೊಂದು ತುದಿಗಿ ಏನೂ ಆಸರಿ ಇಲ್ಲ, ಆದ್ರೂ ಕೆಳಗ ಬೀಳಲ್ದೆ ನಿಧಾನಕ್ಕ ಸ್ಟ್ಯಾಂಡ್ ಸುತ್ತ ಹೊಂಟದ! ಹುಡ್ಗ "ಮಾಮಾ, ಇದ್ಯಾಕ ಬೀಳವಲ್ದು" ಅಂದ. ನಾ ಡಿಗ್ರಿ ಮುಗ್ಸಿ ಭಾಳ ವರ್ಷ ಆತು, ಸೂತ್ರ ನೆಪ್ಪಿತ್ತು, ಹೇಳೋ ಮಾತೇ ಇಲ್ಲ. ಕಡಿಗಿ ಹಿಂಗ ಹೇಳ್ದೆ: ಹೊರಗಿನ ತುದಿ ಕೆಳಗ ಜಗ್ಗಿದ್ರ ಚಕ್ರದ ಮ್ಯಾಲಿನ ಅಂಚಿಗಿ ಹೊರಗ ನೂಕಿದಂಗ, ಕೆಳಗಿನ ಅಂಚಿಗಿ ಒಳಗ ನೂಕಿದಂಗ ಆಗ್ತದ, ಆದ್ರ ಆ ಅಂಚು ಅಲ್ಲೇ ನಿಂತಿರ್ತದೇನು? ನೂಕ್ಸ್ಕೊಂಡು ಕಾಲು ಸುತ್ತು ಮುಂದ ಹೋಗಿರ್ತದ, ಹಂಗಾಗಿ ಕೆಳಗ ಬೀಳೋ ಜೋರು ಪಕ್ಕಕ್ಕ ತಿರುಗೋದ್ರಾಗ ಕಾಣಸ್ತದ. ಇದಕ್ಕ ಪ್ರಿಸೆಷನ್ ಅಂತಾರ. ತೂಕ ಎಲ್ಲಾ ಅಂಚಿನಾಗ ಇಟ್ಟಿರೋದೂ ಇದಕ್ಕೇ, ಅದೇ ಸ್ಪೀಡಿಗಿ ಕೋನೀಯ ಆವೇಗ, ಅಂದ್ರ ತಿರುಗೋದ್ರ ಜೋರು, ಜಾಸ್ತಿ ಸಿಗ್ತದ. ಹುಡ್ಗನೇ ಇನ್ನೊಂದು ಹಿಡ್ದ: ಚಕ್ರ ನಿಧಾನ ಆದಂಗ ಸ್ಟ್ಯಾಂಡ್ ಸುತ್ತ ತಿರುಗೋದು ಜೋರಾಗ್ತದ. ಹೌದು ಮತ್ತ, ಕೆಳಗ ಎಳ್ಯೋದು ಅಷ್ಟೇ ಅದ, ಎದುರು ನಿಲ್ಲೋ ಆವೇಗ ಕಮ್ಮಿ ಆಯ್ತು.

ಡಬ್ಬಿ ಮ್ಯಾಲ "ಆಂಟಿ ಗ್ರ್ಯಾವಿಟಿ", ಅಂದ್ರ ಭೂಮಿ ಜಗ್ಗೋದನ್ನೇ ತಡೀತದ ಅಂತ ದೊಡ್ಡದಾಗಿ ಬರ್ದಾರ. ಓಣಿ ಕಿರಾಣಿ ಅಂಗಡಿ ತಕ್ಕಡಿ ಮ್ಯಾಲ ಸ್ಟ್ಯಾಂಡ್ ಸಮೇತ ಇಟ್ಟು ನೋಡಿದ್ವಿ, ತಿರುಗ್ಲಿ ನಿಲ್ಲಲಿ ತೂಕ ಅಷ್ಟೇ. ಅಂಗಡ್ಯಾವ ಸಕ್ರಿ ಕಟ್ಟೋದು ಬಿಟ್ಟು ನಮ್ಮನ್ನೇ ನೋಡ್ಲಾಕತ್ತಿದ್ದ.

ಜೈರೋಸ್ಕೋಪ್ ಅಂತ ಹೆಸರು ಇಟ್ಟಾಂವ ಫ್ರಾನ್ಸಿನ ವಿಜ್ಞಾನಿ ಫೂಕೋ, 1852ರಾಗ, ಭೂಮಿ ತಿರುಗ್ತದ ಅಂತ ಇದ್ರಾಗೇ ತೋರ್ಸಲಾಕ ಹೊಂಟಿದ್ದ. ಮೊಬೈಲ್ನಾಗೂ ಜೈರೋ ಇರ್ತದ ಖರೆ, ಚಕ್ರ ಇರಲ್ಲ, ನಡಗೋ ಸಣ್ಣ ಸಿಲಿಕಾನ್ ಚೂರು ಅಷ್ಟೇ.

ದಾರ ಮಾತ್ರ ದಂಡ, ಎರಡ್ನೇ ದಿನಕ್ಕೇ ಹರೀತು. ಗಾಳಿಪಟದ ದಾರ ಸಣ್ಣದಾಗಿ ಜಾರ್ತದ, ಸುತಳಿ ತೂತಿನಾಗ ಹೋಗಲ್ಲ, ಚಪ್ಪಲ್ ಹೊಲ್ಯೋ ದಾರ ಬೆಸ್ಟ್. ಐದಕ್ಕ ನಾಲ್ಕು ಸ್ಟಾರ್. ತಗೊಳ್ಳೋದಾದ್ರ ಪ್ಲಾಸ್ಟಿಕ್ದು ಬ್ಯಾಡ, ಅಂಗಡ್ಯಾಗೇ ಒಮ್ಮಿ ತಿರುಗ್ಸಿ ನೋಡ್ಕೊಂಡು ತಗೋರಿ.