ಸ್ಮಿತ್ಸ್ ಎಲ್‌ಪಿ ತಂದ ಮೇಲೆ ಬೇಸ್ ಕೇಳಿಸ್ತು

ಇಂಗ್ಲೆಂಡಿನ ರಾಕ್ ಬ್ಯಾಂಡ್ ದ ಸ್ಮಿತ್ಸ್‌ನ 'ದ ಕ್ವೀನ್ ಈಸ್ ಡೆಡ್' ಎಲ್‌ಪಿ, ಅಂದ್ರೆ ದೊಡ್ಡ ಗ್ರಾಮಫೋನ್ ತಟ್ಟೆ, ಕಡೆಗೂ ತಗೊಂಡೆ ಮಾರಾಯ್ರೆ, ಮುಂಬೈ ಫೋರ್ಟಲ್ಲಿ ಒಂದು ಸಣ್ಣ ಅಂಗಡಿ, 2,800 ರೂಪಾಯಿ, ಎಷ್ಟು ಚೌಕಾಸಿ ಮಾಡಿದ್ರೂ ನೂರು ರೂಪಾಯಿ ಕೂಡ ಬಿಡ್ಲಿಲ್ಲ. ಸಂಜೆ ಡೊಂಬಿವ್ಲಿ ಫಾಸ್ಟ್ ಲೋಕಲ್ ಟ್ರೈನಿನ ರಶ್ಶಲ್ಲಿ ಅದನ್ನ ಎದೆಗೆ ಅಪ್ಪಿಕೊಂಡು ನಿಂತಿದ್ದೆ. ಕವರಲ್ಲಿ ಫ್ರೆಂಚ್ ನಟ ಅಲೆನ್ ಡೆಲಾನ್ ಹಸಿರು ಬಣ್ಣದಲ್ಲಿ ಅಂಗಾತ ಮಲಗಿದ್ದಾನಲ್ಲ, ಪಕ್ಕದವ ಅದನ್ನ ತೀರಿಹೋದವರ ಫೋಟೋ ಅಂತ ಅಂದ್ಕೊಂಡ್ನೋ ಏನೋ, ಪಾಪ ಸ್ವಲ್ಪ ಜಾಗ ಬಿಟ್ಟ.

1986 ಜೂನಲ್ಲಿ ಬಂದ ಆಲ್ಬಮ್ ಇದು. ಮ್ಯಾಂಚೆಸ್ಟರಿನ ನಾಲ್ಕು ಹುಡುಗರು, ಲೇಬಲ್ ಲಂಡನ್ನಿನ ರಫ್ ಟ್ರೇಡ್, ಅಂದ್ರೆ 1976ರಲ್ಲಿ ಜೆಫ್ ಟ್ರಾವಿಸ್ ಶುರು ಮಾಡಿದ ರೆಕಾರ್ಡ್ ಅಂಗಡಿಯಿಂದ ಬೆಳೆದದ್ದು. ಬ್ಯಾಂಡಿಗೂ ಲೇಬಲಿಗೂ ಜಗಳ ಆಗಿ ಆಲ್ಬಮ್ ತಿಂಗಳುಗಟ್ಲೆ ಕೂತುಬಿಡ್ತು, ಆದ್ರೂ ಬ್ರಿಟನ್ ಚಾರ್ಟಲ್ಲಿ 2ನೇ ಸ್ಥಾನ. ಎರಡನೇ ಹಾಡಲ್ಲಿ ಬೈಸಿಕೊಳ್ಳುವ ಬಾಸ್ ಟ್ರಾವಿಸ್ಸೇ ಅಂತಾರೆ. ತಮಾಷೆ ಅಂದ್ರೆ 1992ರಿಂದ ಇದೆಲ್ಲ ವಾರ್ನರ್ ಅನ್ನುವ ದೊಡ್ಡ ಕಂಪನಿ ಕೈಲುಂಟು, ಹಾಗಾಗಿ ನಾನು ತಗೊಂಡ ಹೊಸ ಪ್ರೆಸ್ಸಿಂಗ್, ಅಂದ್ರೆ ಹೊಸದಾಗಿ ಅಚ್ಚು ಹಾಕಿದ ತಟ್ಟೆ, ಇಂಡಿಪೆಂಡೆಂಟ್ ಲೇಬಲಿಂದು ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ.

ಈಗ ವಿಷಯಕ್ಕೆ ಬರ್ತೇನೆ. ಇಷ್ಟು ವರ್ಷ ಲೋಕಲಲ್ಲಿ ಇನ್ನೂರೈವತ್ತು ರೂಪಾಯಿ ಇಯರ್‌ಫೋನಲ್ಲಿ ಕೇಳಿ ಇದು ಹಾಡುಗಾರ ಮಾರಿಸ್ಸಿಯ ಗೋಳು ಮತ್ತೆ ಜಾನಿ ಮಾರ್‌ನ ಗಿಟಾರ್, ಅಷ್ಟೇ ಅಂತ ತಿಳ್ಕೊಂಡಿದ್ದೆ. ಅಪ್ಪನ ಹಳೇ ಆಂಪ್ಲಿಫೈಯರಿಗೆ ಹಾಕಿದ ಮೇಲೆ ಗೊತ್ತಾಯ್ತು ಇಡೀ ಮನೆ ನಿಂತದ್ದು ಆಂಡಿ ರೂರ್ಕ್‌ನ ಬೇಸ್ ಗಿಟಾರ್ ಮೇಲೆ ಅಂತ. ಮೊದಲನೇ ಹಾಡು ಆರು ನಿಮಿಷದ ಮೇಲುಂಟು, ಮೈಕ್ ಜಾಯ್ಸ್‌ನ ಡ್ರಮ್ ಗುಡುಗಿದ ಹಾಗೆ ಲೂಪಲ್ಲಿ ಸುತ್ತುತ್ತಾ ಇರ್ತದೆ, ಅದರ ಅಡಿಯಲ್ಲಿ ಬೇಸ್ ಹೇಗೆ ಓಡ್ತದೆ ಅಂದ್ರೆ ನಮ್ಮ ಸ್ಟೀಲ್ ಕಪಾಟಿನ ಬಾಗಿಲು ನಡುಗ್ಲಿಕ್ಕೆ ಶುರು. 'ಸೆಮೆಟ್ರಿ ಗೇಟ್ಸ್'ನಲ್ಲಂತೂ ಹಾಡು ಸ್ಮಶಾನದ್ದು, ಬೇಸ್ ಮಾತ್ರ ಮದುವೆ ಮನೆ ಮಕ್ಕಳ ಹಾಗೆ ಕುಣೀತಾ ಇರ್ತದೆ. ರೂರ್ಕ್ 2023 ಮೇಯಲ್ಲಿ ತೀರಿಕೊಂಡ. ಆ ದಿನ ಸುದ್ದಿ ನೋಡಿ ಸ್ಕ್ರೋಲ್ ಮಾಡಿ ಮುಂದೆ ಹೋಗಿದ್ದೆ ನಾನು, ಈಗ ನಾಚಿಕೆ ಆಗ್ತದೆ.

ಸೈಡ್ ಎಯಲ್ಲಿ ಮೂರು, ನಾಲ್ಕನೇ ಹಾಡು ಒಟ್ಟೊಟ್ಟಿಗೆ ನಿಧಾನ, ನನಗೆ ಅಲ್ಲಿ ಸ್ವಲ್ಪ ಎಳೆದ ಹಾಗೆ ಅನಿಸ್ತದೆ. ಅಮ್ಮ ಅಡುಗೆಮನೆಯಿಂದ "ಯಾರದು ಅಳುದು?" ಅಂತ ಕೇಳಿದ್ದೂ ಆವಾಗಲೇ. 'ಬಿಗ್‌ಮೌತ್' ಹಾಡಲ್ಲಿ ಹಿಂದೆ ಕೀರಲು ದನಿ ಒಂದು ಬರ್ತದಲ್ಲ, ಕವರಲ್ಲಿ ಆ್ಯನ್ ಕೋಟ್ಸ್ ಅಂತ ಹೆಂಗಸಿನ ಹೆಸರುಂಟು, ಅದು ಮಾರಿಸ್ಸಿಯದ್ದೇ ಸ್ವರ, ಸ್ಪೀಡ್ ಹೆಚ್ಚು ಮಾಡಿದ್ದು. ಆ್ಯಂಕೋಟ್ಸ್ ಅಂದ್ರೆ ಮ್ಯಾಂಚೆಸ್ಟರಿನ ಒಂದು ಏರಿಯಾ!

ಒಂಬತ್ತನೇ ಹಾಡು, ಡಬಲ್ ಡೆಕರ್ ಬಸ್ ಬಂದು ಗುದ್ದಿದ್ರೂ ನಿನ್ನ ಪಕ್ಕ ಸತ್ತರೆ ಸುಖ ಅನ್ನುವಂಥದ್ದು, ಕೇಳುವಾಗೆಲ್ಲ ನನಗೆ ಮುಂಬೈ ಸಿಟಿ ಬಸ್ ಸಂಸ್ಥೆ ಬೆಸ್ಟಿನ ಹಳೇ ಕೆಂಪು ಡಬಲ್ ಡೆಕರ್ರೇ ಕಣ್ಣಿಗೆ ಬರುದು. ಅದೂ 2023 ಸೆಪ್ಟೆಂಬರಲ್ಲಿ ನಿಂತುಹೋಯ್ತು. ಈಗಿನ ಏಸಿ ಎಲೆಕ್ಟ್ರಿಕ್ ಬಸ್ಸಿನಡಿ ಸಾಯ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಹೇಳಿ.

ಪ್ರೆಸ್ಸಿಂಗ್ ಚೆನ್ನಾಗುಂಟು, ಕರಕರ ಇಲ್ಲ, ಒಳಗೆ ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ ಮುಂದೆ ನಾಲ್ಕೂ ಜನ ನಿಂತ ಫೋಟೋ ದೊಡ್ಡದಾಗಿ ಉಂಟು. ಒಂದೇ ಎಚ್ಚರಿಕೆ, ಕೊನೇ ಹಾಡು ಶುರುವಲ್ಲೇ ಸೌಂಡ್ ಕಮ್ಮಿಯಾಗಿ ಪುನಃ ಏರ್ತದೆ, ಬೇಕಂತಲೇ ಹಾಗೆ ಮಾಡಿದ್ದು. ಫೋನಲ್ಲಿ ಅಲ್ಲಿತನಕ ನಾನು ಹೋದದ್ದೇ ಕಮ್ಮಿ, ಹಾಗಾಗಿ ಆಂಪ್ಲಿಫೈಯರೇ ಕೈಕೊಟ್ಟಿತು ಅಂದ್ಕೊಂಡು ಎದ್ದು ಹೋಗಿ ಅದರ ತಲೆಗೆ ಎರಡು ಬಡಿದೆ.